ಲ್ಯಾಪ್‌ಟಾಪ್‌ಗೆ ರ‍್ಯಾಮ್ ಹಾಕಿಸೋದು, ಗ್ರಾಫಿಕ್ಸ್ ಬದಲಾಯಿಸೋದು: ಪದೇ ಪದೇ ಕೇಳುವ ಪ್ರಶ್ನೆಗಳು

ನೆಂಟರು, ಗೆಳೆಯರು, ಗೆಳೆಯರ ಮಕ್ಕಳು ಅಂತ ಲ್ಯಾಪ್‌ಟಾಪ್ ಹಿಡಿದು ಬರುವವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಅವಸರದಲ್ಲಿರುವವರಿಗೆ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ರ‍್ಯಾಮ್ ಅಂದರೆ ಕೆಲಸ ಮಾಡುವಾಗ ಬಳಕೆಯಾಗುವ ಮೆಮೊರಿ; ಅದರ ಸ್ಟಿಕ್ ಸಿಕ್ಕಿಸುವ ಜಾಗ, ಅಂದರೆ ಸ್ಲಾಟ್, ಇದ್ದರೆ ರ‍್ಯಾಮ್ ಬದಲಾಗುತ್ತದೆ, ಗ್ರಾಫಿಕ್ಸ್ ಸಾಮಾನ್ಯವಾಗಿ ಬದಲಾಗುವುದಿಲ್ಲ. ಆದರೆ ಬೇರೆ ಗ್ರಾಫಿಕ್ಸ್ ಚಿಪ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಎರಡನೇ ರ‍್ಯಾಮ್ ಸ್ಟಿಕ್ಕೇ ಗ್ರಾಫಿಕ್ಸ್ ಅಪ್‌ಗ್ರೇಡ್ ಕೂಡ ಹೌದು. ಅದು ಹೇಗೆ ಅನ್ನೋದು ಮೂರನೇ ಭಾಗದಲ್ಲಿದೆ.

## ಬಿಚ್ಚುವ ಮೊದಲು

ಲ್ಯಾಪ್‌ಟಾಪ್ ತುಂಬಾ ಸ್ಲೋ ಆಗಿದೆ. ರ‍್ಯಾಮ್ ಹಾಕಿಸಿದ್ರೆ ಸರಿ ಹೋಗುತ್ತಾ?

ಹೋಗಬಹುದು, ಹೋಗದೆಯೂ ಇರಬಹುದು. ದುಡ್ಡು ಕೊಡುವ ಮೊದಲು ಎರಡು ನಿಮಿಷ ನೋಡಿ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ದಿನಾ ಮಾಡುವ ಕೆಲಸವನ್ನೇ ಮಾಡಿ: ಕ್ರೋಮ್‌ನಲ್ಲಿ ಹತ್ತು ಟ್ಯಾಬ್, ಒಂದು ಎಕ್ಸೆಲ್ ಫೈಲ್, ಹಿಂದೆ ವಾಟ್ಸಾಪ್. ಆಗ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಶೇ 85–90 ದಾಟಿ ನಿಂತಿದ್ದರೆ ರ‍್ಯಾಮ್ ಸಾಲುತ್ತಿಲ್ಲ ಅಂತ ಅರ್ಥ.

ಮೆಮೊರಿ ಅರ್ಧ ಖಾಲಿ ಇದ್ದು ಡಿಸ್ಕ್ ಮಾತ್ರ ಶೇ 100ರಲ್ಲಿ ಕೂತಿದ್ದರೆ ತೊಂದರೆ ಹಾರ್ಡ್ ಡಿಸ್ಕ್‌ನದು. 2020ಕ್ಕಿಂತ ಹಿಂದಿನ ಕಡಿಮೆ ಬೆಲೆಯ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ 5400 ಆರ್‌ಪಿಎಂ ತಿರುಗುವ ಡಿಸ್ಕ್ ಇದೆ. ಅದಕ್ಕೆ ಎಷ್ಟು ರ‍್ಯಾಮ್ ಸುರಿದರೂ ಆನ್ ಆಗೋಕೆ ಮೂರು ನಿಮಿಷ ಬೇಕೇ ಬೇಕು. ಅಂಥದ್ದಕ್ಕೆ ಮೊದಲು ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ ವೇಗದ ಡಿಸ್ಕ್), ಆಮೇಲೆ ರ‍್ಯಾಮ್. ಈ ಅನುಕ್ರಮದಲ್ಲಿ ನನಗೆ ಅನುಮಾನವೇ ಇಲ್ಲ.

ನನ್ನ ಲ್ಯಾಪ್‌ಟಾಪ್‌ನಲ್ಲಿ ರ‍್ಯಾಮ್ ಸ್ಲಾಟ್ ಇದೆಯೋ ಇಲ್ವೋ, ಬಿಚ್ಚದೇ ತಿಳಿಯೋದು ಹೇಗೆ ಸಾರ್?

ಅದೇ ಟಾಸ್ಕ್ ಮ್ಯಾನೇಜರ್. ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ಒತ್ತಿ, ಬಲಗಡೆ ಕೆಳಗೆ ಸಣ್ಣ ಅಕ್ಷರದಲ್ಲಿರುವ ಸಾಲುಗಳನ್ನು ಓದಿ. ‘ಸ್ಲಾಟ್ಸ್ ಯೂಸ್ಡ್’ ಎದುರು 2ರಲ್ಲಿ 1 ಅಂತ ಇದ್ದರೆ ಒಂದು ಸ್ಲಾಟ್ ಖಾಲಿ ಇರಬಹುದು. ಅದರ ಕೆಳಗಿನ ‘ಫಾರ್ಮ್ ಫ್ಯಾಕ್ಟರ್’ ಇನ್ನೂ ಮುಖ್ಯ. ಅಲ್ಲಿ ಸೋಡಿಮ್ ಅಂತಿದ್ದರೆ ಕಿತ್ತು ಹಾಕಬಹುದಾದ ಸ್ಟಿಕ್. ‘ರೋ ಆಫ್ ಚಿಪ್ಸ್’ ಅಂತಿದ್ದರೆ ಚಿಪ್‌ಗಳನ್ನು ಮದರ್‌ಬೋರ್ಡ್‌ಗೇ ಬೆಸುಗೆ ಹಾಕಿದ್ದಾರೆ.

ಈ ಸಾಲುಗಳನ್ನು ಪೂರ್ತಿ ನಂಬಬೇಡಿ. ಬೆಸುಗೆ ಹಾಕಿದ ಚಿಪ್‌ಗಳನ್ನೂ ವಿಂಡೋಸ್ ಸ್ಲಾಟ್ ಅಂತಲೇ ಎಣಿಸುತ್ತದೆ. 8ರಲ್ಲಿ 8 ಅಂತ ತೋರಿಸಿದರೆ ಎಂಟು ಸ್ಲಾಟ್ ಇದೆ ಅಂತ ಖುಷಿಪಡುವಂತಿಲ್ಲ. ಕೆಲವದರಲ್ಲಿ 8 ಜಿಬಿ ಬೆಸುಗೆ, ಪಕ್ಕದಲ್ಲಿ ಒಂದು ಸ್ಲಾಟ್ ಇರುತ್ತದೆ. ಖಚಿತ ಮಾಡಿಕೊಳ್ಳೋಕೆ ಕಂಪನಿಯ ಸರ್ವಿಸ್ ಮ್ಯಾನ್ಯುಯಲ್ ನೋಡಿ. ಎಚ್‌ಪಿ, ಡೆಲ್, ಲೆನೊವೊ ಮೂವರೂ ಮಾಡೆಲ್‌ಗೊಂದರಂತೆ ಪಿಡಿಎಫ್ ಬಿಟ್ಟಿಯಾಗಿ ಇಟ್ಟಿದ್ದಾರೆ. ಯಾವ ಸ್ಕ್ರೂ ಎಲ್ಲಿದೆ ಅನ್ನೋದೂ ಅದರಲ್ಲಿದೆ.

ಪ್ರೊಸೆಸರ್ ಹೆಸರಿನಿಂದಲೂ ಸುಳಿವು ಸಿಗುತ್ತದೆ. ನಮ್ಮಲ್ಲಿ ತುಂಬಾ ಮಾರಾಟವಾದ ರೈಜೆನ್ 3 7320ಯು, ರೈಜೆನ್ 5 7520ಯು ಎರಡೂ ಎಲ್‌ಪಿಡಿಡಿಆರ್5 ಮೆಮೊರಿ ಬಿಟ್ಟು ಬೇರೆ ತಗೊಳ್ಳುವುದಿಲ್ಲ. ಅಂದರೆ ಬೆಸುಗೆ. 2024ರಲ್ಲಿ ಬಂದ ಇಂಟೆಲ್ ಕೋರ್ ಅಲ್ಟ್ರಾ 200ವಿ ಸರಣಿಯಲ್ಲಂತೂ ಮೆಮೊರಿ ಪ್ರೊಸೆಸರ್ ಪ್ಯಾಕೇಜ್ ಮೇಲೇ ಕೂತಿದೆ. 16 ಅಥವಾ 32 ಜಿಬಿ, ಕೊಂಡಷ್ಟೇ.

8 ಜಿಬಿ ಅಂತ ಹೇಳಿ ಕೊಟ್ರು. 5.9 ಜಿಬಿ ಯೂಸಬಲ್ ಅಂತ ತೋರಿಸ್ತಿದೆ. ಅಂಗಡಿಯವನು ಟೋಪಿ ಹಾಕಿದ್ನಾ?

ಇಲ್ಲ. ಎಎಂಡಿ ರೈಜೆನ್ ಲ್ಯಾಪ್‌ಟಾಪ್ ಇರಬೇಕು, ಅಲ್ವಾ? ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇರುವುದಿಲ್ಲ. ಅದು ನಿಮ್ಮ ರ‍್ಯಾಮ್‌ನಲ್ಲೇ ಒಂದು ಪಾಲು ಎತ್ತಿಟ್ಟುಕೊಳ್ಳುತ್ತದೆ. ಕಂಪನಿ 2 ಜಿಬಿ ಎತ್ತಿಟ್ಟಿದ್ದರೆ ವಿಂಡೋಸ್‌ಗೆ ಉಳಿಯುವುದು 5.9. ಇಂಟೆಲ್‌ನಲ್ಲಿ ಈ ಮೀಸಲು ಚಿಕ್ಕದು, ಅದಕ್ಕೇ ಅಲ್ಲಿ 7.7 ಆಸುಪಾಸು ಕಾಣುತ್ತದೆ. ಹಾಗಾಗಿ 8 ಜಿಬಿಯ ರೈಜೆನ್ ಲ್ಯಾಪ್‌ಟಾಪ್ ಇದ್ದವರಿಗೆ ರ‍್ಯಾಮ್ ಹಾಕಿಸಿದರೆ ಬೇರೆಯವರಿಗಿಂತ ಜಾಸ್ತಿ ಲಾಭ.

ಎಷ್ಟು ಜಿಬಿ ಇದ್ರೆ ಸಾಕು?

ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಹೇಳುವ ಕನಿಷ್ಠ 4 ಜಿಬಿ. ಅದು ಆನ್ ಆಗೋಕೆ ಸಾಕು, ಬಳಸೋಕೆ ಸಾಲದು. ಮನೆ ಬಳಕೆ, ಆನ್‌ಲೈನ್ ಕ್ಲಾಸು, ಟ್ಯಾಲಿ, ನುಡಿಯಲ್ಲಿ ಟೈಪಿಂಗ್ ಅಂದರೆ 8 ನಡೆಯುತ್ತದೆ. ಎಂಜಿನಿಯರಿಂಗ್ ಓದುವವರು, ಪ್ರೋಗ್ರಾಂ ಬರೆಯುವವರು, ಫೋಟೋ ತಿದ್ದುವವರು 16 ಇಟ್ಟುಕೊಳ್ಳಿ. ಆಂಡ್ರಾಯ್ಡ್ ಸ್ಟುಡಿಯೋ ತೆರೆದು ಅದರೊಳಗೆ ಎಮ್ಯುಲೇಟರ್ ಓಡಿಸಿ ನೋಡಿದವರಿಗೆ ಯಾಕೆ ಅಂತ ಗೊತ್ತು. ವಿಡಿಯೋ ಎಡಿಟಿಂಗ್, ವರ್ಚುವಲ್ ಮಷೀನ್ ಇದ್ದರೆ 32. ಅದರಾಚೆ ಬೇಕಾದವರು ಈ ಪ್ರಶ್ನೆ ಕೇಳುವುದಿಲ್ಲ.

ಮಗಳಿಗೆ ಹೊಸದು ಕೊಡಿಸ್ಬೇಕು. ಮುಂದೆ ಅಪ್‌ಗ್ರೇಡ್ ಮಾಡೋ ಥರದ್ದು ಬೇಕು. ಏನು ನೋಡಿ ತಗೊಳ್ಳಲಿ?

ವಿವರದ ಪಟ್ಟಿಯಲ್ಲಿ ‘ಎಲ್‌ಪಿ’ ಅನ್ನೋ ಎರಡು ಅಕ್ಷರ ಹುಡುಕಿ. ಎಲ್‌ಪಿಡಿಡಿಆರ್4, ಎಲ್‌ಪಿಡಿಡಿಆರ್5 ಅಂತಿದ್ದರೆ ಅದು ಬೆಸುಗೆ ಅಂತಲೇ ತಿಳಿಯಿರಿ. ಬರೀ ಡಿಡಿಆರ್4, ಡಿಡಿಆರ್5 (ಇವು ರ‍್ಯಾಮ್‌ನ ತಲೆಮಾರುಗಳು) ಅಂತಿದ್ದರೆ ಸ್ಲಾಟ್ ಎಷ್ಟು ಅಂತ ಕೇಳಿ. ಅಂಗಡಿಯವರು ‘ಎಕ್ಸ್‌ಪ್ಯಾಂಡಬಲ್ ಮೇಡಂ’ ಅಂದರೆ ಸಾಲದು. ಒಂದು ಸ್ಲಾಟೋ ಎರಡೋ, ಈಗ ಒಂದು ಖಾಲಿ ಇದೆಯೋ ಅಂತ ಬಿಡಿಸಿ ಕೇಳಿ. ತೆಳ್ಳಗೆ ಹಗುರಾಗಿ ಇದ್ದಷ್ಟೂ ಸ್ಲಾಟ್ ಇರುವ ಸಾಧ್ಯತೆ ಕಡಿಮೆ. ಬೆಸುಗೆಯದ್ದೇ ಇಷ್ಟವಾದರೆ ಮೊದಲ ದಿನವೇ 16 ಜಿಬಿಯದ್ದು ತಗೊಳ್ಳಿ. ಗ್ರಾಫಿಕ್ಸ್ ಬೇಕಾದರೂ ಅಷ್ಟೇ, ಕೊಳ್ಳುವಾಗಲೇ ತೀರ್ಮಾನ ಮಾಡಬೇಕು.

## ರ‍್ಯಾಮ್ ಕೊಳ್ಳುವಾಗ, ಹಾಕುವಾಗ

ಡಿಡಿಆರ್3, ಡಿಡಿಆರ್4, ಡಿಡಿಆರ್5, ಇದರಲ್ಲಿ ನನಗೆ ಯಾವುದು?

ನಿಮ್ಮದರಲ್ಲಿ ಈಗ ಯಾವುದಿದೆಯೋ ಅದೇ. ಆಯ್ಕೆ ನಿಮ್ಮದಲ್ಲ. ಡಿಡಿಆರ್3 ಸೋಡಿಮ್‌ಗೆ 204 ಪಿನ್, ಡಿಡಿಆರ್4ಕ್ಕೆ 260, ಡಿಡಿಆರ್5ಕ್ಕೆ 262. ಅಂಚಿನಲ್ಲಿರುವ ಸಣ್ಣ ಕಚ್ಚು ಒಂದೊಂದರಲ್ಲಿ ಒಂದೊಂದು ಕಡೆ ಇದೆ, ಒಂದರ ಸ್ಲಾಟಿಗೆ ಇನ್ನೊಂದು ಕೂರುವುದೇ ಇಲ್ಲ. ಒತ್ತಿ ಕೂರಿಸೋಕೆ ಹೋಗಬೇಡಿ.

ಹಳೇ ಲ್ಯಾಪ್‌ಟಾಪ್ ಇದ್ದವರಿಗೆ ಒಂದು ಎಚ್ಚರಿಕೆ. ಡಿಡಿಆರ್3ರಲ್ಲೇ ಎರಡು ಬಗೆ ಇದೆ: 1.5 ವೋಲ್ಟ್‌ನದು, 1.35 ವೋಲ್ಟ್‌ನ ಡಿಡಿಆರ್3ಎಲ್. ಕಚ್ಚು ಎರಡಕ್ಕೂ ಒಂದೇ, ಎರಡೂ ಸಲೀಸಾಗಿ ಕೂರುತ್ತವೆ. ಆದರೆ ಇಂಟೆಲ್ 4ನೇ ತಲೆಮಾರಿನ, ಹೆಸರಿನ ಕೊನೆಗೆ ಯು ಇರುವ ಪ್ರೊಸೆಸರ್‌ಗಳಿಗೆ ಎಲ್ ಇರುವುದೇ ಬೇಕು. ಡಿಡಿಆರ್3 ಕೊಳ್ಳುವವರು ಎಲ್ ಇರುವುದನ್ನೇ ಕೇಳಿ ತಗೊಳ್ಳಿ.

ಸ್ಟಿಕ್ ಮೇಲೆ ಏನೇನೋ ನಂಬರ್ ಇದೆ. ಅದನ್ನ ಓದೋದು ಹೇಗೆ?

ಉದಾಹರಣೆಗೆ ‘8ಜಿಬಿ 1ಆರ್‌ಎಕ್ಸ್16 ಪಿಸಿ4-3200ಎಎ’ ಅಂತ ಇದೆ ಅಂದುಕೊಳ್ಳಿ. ಪಿಸಿ4 ಅಂದರೆ ಡಿಡಿಆರ್4. 3200 ಅದರ ವೇಗ. 1ಆರ್ ಅಂದರೆ ಒಟ್ಟಿಗೆ ಕೆಲಸ ಮಾಡುವ ಚಿಪ್‌ಗಳ ಒಂದು ಗುಂಪು, ಅಂದರೆ ಒಂದು ರ‍್ಯಾಂಕ್, ಎಕ್ಸ್16 ಅಂದರೆ ಒಂದೊಂದು ಚಿಪ್ 16 ಬಿಟ್ ಅಗಲ. ಅದಕ್ಕೇ ಆ ಸ್ಟಿಕ್ ಮೇಲೆ ನಾಲ್ಕೇ ಕಪ್ಪು ಚಿಪ್ ಕಾಣುತ್ತವೆ. ‘ಬರೀ ನಾಲ್ಕು ಚಿಪ್ ಇದೆ, ಡುಪ್ಲಿಕೇಟ್’ ಅಂತ ಯಾರಾದರೂ ಹೇಳಿದರೆ ತಲೆ ಕೆಡಿಸಿಕೊಳ್ಳಬೇಡಿ. ಹಳೇದರ ಮೇಲೆ ‘ಪಿಸಿ3ಎಲ್-12800ಎಸ್’ ಇದ್ದರೆ ಅದು 1600 ವೇಗದ ಡಿಡಿಆರ್3ಎಲ್.

ಅಂಗಡಿಗೆ ಹೋಗುವ ಮುಂಚೆ ಈ ಸ್ಟಿಕ್ಕರ್‌ನ ಒಂದು ಫೋಟೋ ತೆಗೆದಿಟ್ಟುಕೊಂಡರೆ ಅರ್ಧ ಮಾತುಕತೆ ಉಳಿಯುತ್ತದೆ.

ಹಳೇದು ಒಂದು ಕಂಪನಿದು, ಹೊಸದು ಇನ್ನೊಂದು ಕಂಪನಿದು. ಹಾಕ್ಬಹುದಾ? 8ರ ಜೊತೆ 16 ಹಾಕಿದ್ರೆ?

ಎರಡಕ್ಕೂ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಕಂಪನಿ ಯಾವುದಾದರೂ ಒಳಗಿನ ಚಿಪ್ ಮಾಡುವವರು ಬಹುಪಾಲು ಮೂವರೇ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ತಲೆಮಾರು ಒಂದೇ ಇರಬೇಕು, ವೇಗ ಒಂದೇ ಇದ್ದರೆ ಒಳ್ಳೆಯದು.

8 ಮತ್ತು 16 ಹಾಕಿದರೆ 24 ಪೂರ್ತಿ ಸಿಗುತ್ತದೆ. ಚಾನೆಲ್ ಅಂದರೆ ಮೆಮೊರಿಗೂ ಪ್ರೊಸೆಸರ್‌ಗೂ ನಡುವಿನ ದಾರಿ. 8ಕ್ಕೆ 8 ಜೋಡಿಯಾಗಿ ಎರಡು ಚಾನೆಲ್‌ನಲ್ಲಿ ಕೆಲಸ ಮಾಡುತ್ತವೆ, ಮೇಲಿನ 8 ಒಂಟಿ ಚಾನೆಲ್‌ನಲ್ಲಿ. ಇಂಟೆಲ್ ಇದಕ್ಕೆ ಫ್ಲೆಕ್ಸ್ ಮೋಡ್ ಅನ್ನುತ್ತದೆ. ಸಮ ಜೋಡಿ ಹಾಕಿದಷ್ಟು ಚೆನ್ನಾಗಿಲ್ಲ ಅನ್ನೋದು ನಿಜ, ಆದರೆ ಅಷ್ಟಕ್ಕೋಸ್ಕರ ಚೆನ್ನಾಗಿರುವ 8 ಜಿಬಿ ಸ್ಟಿಕ್ ಎಸೆಯುವುದು ದಂಡ.

3200ರದ್ದು ಹಾಕಿಸಿದೆ. 2400 ಅಂತ ತೋರಿಸ್ತಿದೆ, ಯಾಕೆ?

ಎರಡು ಸ್ಟಿಕ್‌ಗಳಲ್ಲಿ ನಿಧಾನದ್ದು ಯಾವುದೋ ಅದರ ವೇಗಕ್ಕೆ ಎರಡೂ ಇಳಿಯುತ್ತವೆ. ಪ್ರೊಸೆಸರ್‌ಗೂ ಒಂದು ಮಿತಿ ಇದೆ. ಐ5-8250ಯು 2400ರ ಮೇಲೆ ಹೋಗುವುದಿಲ್ಲ. ಸ್ಟಿಕ್ ಕೆಟ್ಟಿಲ್ಲ, ಹಾಗೇ ಬಿಡಿ.

ಕಂಪನಿ ಮ್ಯಾಕ್ಸಿಮಮ್ 16 ಅಂತ ಬರೆದಿದೆ. 32 ಹಾಕಿದ್ರೆ ಏನಾಗುತ್ತೆ?

ಕಂಪನಿ ಬರೆದಿರುವುದು ಎಷ್ಟೋ ಸಲ ಆಗ ಅವರು ಪರೀಕ್ಷಿಸಿ ಮಾರಿದ ಗರಿಷ್ಠ ಅಷ್ಟೇ. ನಿಜವಾದ ಮಿತಿ ಪ್ರೊಸೆಸರ್‌ನದು, ಅದನ್ನು ಇಂಟೆಲ್ ಮತ್ತು ಎಎಂಡಿ ತಮ್ಮ ಜಾಲತಾಣದಲ್ಲಿ ಮಾಡೆಲ್‌ವಾರು ಕೊಟ್ಟಿವೆ. ಐ5-8250ಯುಗೆ 32 ಜಿಬಿ, ಐ5-1135ಜಿ7ಗೆ 64. ಆದ್ದರಿಂದ 16 ಅಂತ ಬರೆದ ಲ್ಯಾಪ್‌ಟಾಪ್ 32 ತಗೊಳ್ಳುವುದು ಸಾಮಾನ್ಯ. ಪ್ರೊಸೆಸರ್‌ನ ಮಿತಿಯನ್ನೇ ಮೀರಿ ನೆಚ್ಚಿಕೊಳ್ಳಬೇಡಿ: ಸೆಲೆರಾನ್ ಎನ್4020ಗೆ ಇಂಟೆಲ್ ಹೇಳಿರುವುದು 8 ಜಿಬಿ. ಐ5-4200ಯುಗೆ ಒಟ್ಟು 16, ಅದೂ ಒಂದೊಂದು ಸ್ಟಿಕ್ 8ರಂತೆ. ಖಚಿತ ಇಲ್ಲದಿದ್ದರೆ ವಾಪಸ್ ತಗೊಳ್ಳುವ ಅಂಗಡಿಯಲ್ಲಿ ಕೊಳ್ಳಿ.

ಎಸ್‌ಪಿ ರೋಡ್‌ನಲ್ಲಿ ಸೆಕೆಂಡ್ ಹ್ಯಾಂಡ್ ರ‍್ಯಾಮ್ ಅರ್ಧ ರೇಟಿಗೆ ಸಿಗುತ್ತಂತೆ. ತಗೊಳ್ಬಹುದಾ ಅಣ್ಣಾ?

ತಗೊಳ್ಳಬಹುದು. ಬೆಂಗಳೂರಿನ ಎಸ್‌ಪಿ ರೋಡ್ ಇರಲಿ, ಚೆನ್ನೈನ ರಿಚಿ ಸ್ಟ್ರೀಟ್ ಇರಲಿ, ದೆಹಲಿಯ ನೆಹರೂ ಪ್ಲೇಸ್ ಇರಲಿ, ಅಲ್ಲಿ ಸಿಗುವ ಹಳೇ ಸ್ಟಿಕ್‌ಗಳಲ್ಲಿ ತುಂಬಾ ಕಂಪನಿಗಳ ಲ್ಯಾಪ್‌ಟಾಪ್‌ನಿಂದ ಕಿತ್ತವು. ರ‍್ಯಾಮ್ ಸವೆಯುವ ವಸ್ತು ಅಲ್ಲ. ತಿರುಗುವ ಭಾಗ ಇಲ್ಲ, ಎಸ್‌ಎಸ್‌ಡಿ ಥರ ಬರೆದು ಬರೆದು ಆಯಸ್ಸು ಮುಗಿಯುವುದೂ ಇಲ್ಲ. ಹಾಳಾಗಿದ್ದರೆ ಪರೀಕ್ಷೆಯಲ್ಲೇ ಗೊತ್ತಾಗಿಬಿಡುತ್ತದೆ. ಸೆಕೆಂಡ್ ಹ್ಯಾಂಡ್ ಎಸ್‌ಎಸ್‌ಡಿ ಬೇಡ ಅನ್ನುವ ನಾನೇ ಸೆಕೆಂಡ್ ಹ್ಯಾಂಡ್ ರ‍್ಯಾಮ್‌ಗೆ ಅಡ್ಡಿ ಹೇಳುವುದಿಲ್ಲ.

ಆದರೆ ಲ್ಯಾಪ್‌ಟಾಪ್ ಜೊತೆಗೇ ಹೋಗಿ. ಅಲ್ಲೇ ಹಾಕಿಸಿ, ಆನ್ ಮಾಡಿ, ಟಾಸ್ಕ್ ಮ್ಯಾನೇಜರ್‌ನಲ್ಲಿ ಜಿಬಿ ಮತ್ತು ವೇಗ ನೋಡಿ. ಬಂಗಾರದ ಬಣ್ಣದ ಪಿನ್‌ಗಳ ಮೇಲೆ ಕಪ್ಪು ಕಲೆ, ಗೀರು ಇದ್ದರೆ ಬೇರೆ ಕೇಳಿ. ಮನೆಗೆ ಬಂದ ಮೇಲೆ ರಾತ್ರಿ ಮೆಮ್‌ಟೆಸ್ಟ್86 ಅನ್ನೋ ಮೆಮೊರಿ ಪರೀಕ್ಷಿಸುವ ಪ್ರೋಗ್ರಾಂ ಓಡಲು ಬಿಟ್ಟು ಮಲಗಿ. ಬೆಳಿಗ್ಗೆ ಒಂದೇ ಒಂದು ಎರರ್ ಇದ್ದರೂ ವಾಪಸ್. ಇದಕ್ಕೇ ಬಿಲ್ ಬೇಕು, ಬಾಯಿ ಮಾತಿನ ವಾರಂಟಿ ಬೇಡ.

ಬೆಲೆ ಬಗ್ಗೆ ಒಂದು ಮಾತು. 2025ರ ಕೊನೆಯಿಂದ ರ‍್ಯಾಮ್ ರೇಟು ಜಿಗಿದಿದೆ. ಎಐ ಡೇಟಾ ಸೆಂಟರ್‌ಗಳು ಮೆಮೊರಿಯನ್ನು ಲಾರಿಗಟ್ಟಲೆ ಎತ್ತುತ್ತಿವೆ, ಚಿಪ್ ಕಂಪನಿಗಳಿಗೆ ನಮ್ಮಂಥ ಚಿಲ್ಲರೆ ಗಿರಾಕಿಗಳಿಗಿಂತ ಅಲ್ಲೇ ಲಾಭ. ಮೈಕ್ರಾನ್ ಅಂತೂ 2025ರ ಡಿಸೆಂಬರ್‌ನಲ್ಲಿ ತನ್ನ ಕ್ರೂಷಿಯಲ್ ಬ್ರ್ಯಾಂಡ್‌ನ ಚಿಲ್ಲರೆ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು. ಹೀಗಾಗಿ ಹೋದ ವರ್ಷ ಗೆಳೆಯ ಕೊಟ್ಟ ರೇಟು ಹಿಡಿದು ಅಂಗಡಿಯಲ್ಲಿ ಜಗಳಕ್ಕೆ ನಿಲ್ಲಬೇಡಿ.

ನಾನೇ ಹಾಕ್ಕೊಳ್ಬಹುದಾ? ಭಯ ಆಗುತ್ತೆ.

ಗ್ಯಾಸ್ ಸಿಲಿಂಡರ್ ಬದಲಾಯಿಸುವವರು ಇದನ್ನೂ ಮಾಡಬಹುದು. ಬೇಕಾದ್ದು ಸರಿಯಾದ ಅಳತೆಯ ಸಣ್ಣ ಸ್ಟಾರ್ ಸ್ಕ್ರೂಡ್ರೈವರ್, ಒಂದು ಹಳೇ ಪ್ಲಾಸ್ಟಿಕ್ ಕಾರ್ಡ್, ಸ್ವಲ್ಪ ತಾಳ್ಮೆ.

ಮೊದಲು ಶಟ್‌ಡೌನ್ ಮಾಡಿ; ಮುಚ್ಚಳ ಮುಚ್ಚಿದರೆ ಆಫ್ ಆಗಲ್ಲ, ಅದು ಬರೀ ನಿದ್ದೆ. ಚಾರ್ಜರ್ ಕೀಳಿ. ಮಗುಚಿ ಹಾಕಿ ಸ್ಕ್ರೂ ಬಿಚ್ಚಿ. ಎಲ್ಲ ಸ್ಕ್ರೂ ಒಂದೇ ಉದ್ದ ಇರುವುದಿಲ್ಲ. ಹಾಳೆಯ ಮೇಲೆ ಲ್ಯಾಪ್‌ಟಾಪ್ ಚೌಕ ಬರೆದು, ಯಾವ ಸ್ಕ್ರೂ ಎಲ್ಲಿಯದೋ ಅಲ್ಲೇ ಇಡಿ. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ತಿರುಗಿಸಿದರೆ ಕೀಬೋರ್ಡ್ ಕಡೆ ಉಬ್ಬುತ್ತದೆ. ಕೆಲವು ಎಚ್‌ಪಿ ಮಾಡೆಲ್‌ಗಳಲ್ಲಿ ಒಂದೆರಡು ಸ್ಕ್ರೂ ಕೆಳಗಿನ ರಬ್ಬರ್ ಪಟ್ಟಿಯ ಅಡಿಯಲ್ಲಿ ಅಡಗಿರುತ್ತವೆ. ಎಲ್ಲ ಬಿಚ್ಚಿದರೂ ಮುಚ್ಚಳ ಒಂದು ಮೂಲೆಯಲ್ಲಿ ಅಂಟಿದಂತಿದ್ದರೆ ಎಳೆಯಬೇಡಿ, ಅಲ್ಲಿ ಇನ್ನೊಂದು ಸ್ಕ್ರೂ ಇದೆ.

ಅಂಚಿನಲ್ಲಿ ಪ್ಲಾಸ್ಟಿಕ್ ಕಾರ್ಡ್ ತೂರಿಸಿ ಸುತ್ತ ಸರಿಸುತ್ತಾ ಬನ್ನಿ, ಟಕ್ ಟಕ್ ಅಂತ ಲಾಕ್‌ಗಳು ಬಿಡುತ್ತವೆ. ಮುಚ್ಚಳ ತೆಗೆದ ಕೂಡಲೇ ಮೊದಲ ಕೆಲಸ ಬ್ಯಾಟರಿ ಕನೆಕ್ಟರ್ ಬಿಡಿಸುವುದು. ಇದನ್ನು ಬಿಟ್ಟು ಮುಂದೆ ಹೋಗಲೇಬೇಡಿ. ಕರೆಂಟ್ ಇರುವಾಗಲೇ ಸ್ಟಿಕ್ ಹಾಕಿ ಬೋರ್ಡ್ ಸುಟ್ಟವರಿದ್ದಾರೆ. ಸ್ಥಿರ ವಿದ್ಯುತ್ ಬಗ್ಗೆಯೂ ಗಮನ ಇರಲಿ, ಕಲಬುರಗಿ, ರಾಯಚೂರು ಕಡೆಯ ಒಣ ಹವೆಯಲ್ಲಿ ಇನ್ನೂ ಜಾಸ್ತಿ. ಹತ್ತಿ ಬಟ್ಟೆ ಹಾಕಿಕೊಳ್ಳಿ, ಕಿಟಕಿಯ ಕಬ್ಬಿಣದ ಸರಳನ್ನೋ ನಲ್ಲಿಯನ್ನೋ ಮುಟ್ಟಿ ಬಂದು ಕೂರಿ.

ರ‍್ಯಾಮ್ ಸ್ಲಾಟ್ ಮೇಲೆ ಕಪ್ಪು ಹಾಳೆಯೋ ತಗಡೋ ಮುಚ್ಚಿರಬಹುದು. ಹಳೇ ಸ್ಟಿಕ್ ತೆಗೆಯಬೇಕಿದ್ದರೆ ಎರಡೂ ಪಕ್ಕದ ಬೆಳ್ಳಿ ಬಣ್ಣದ ಕ್ಲಿಪ್‌ಗಳನ್ನು ಬೆರಳುಗುರಿನಿಂದ ಹೊರಕ್ಕೆ ಸರಿಸಿ, ಸ್ಟಿಕ್ ತಾನೇ ಎದ್ದು ಓರೆಯಾಗಿ ನಿಲ್ಲುತ್ತದೆ. ಹೊಸದನ್ನೂ ಅಷ್ಟೇ ಓರೆಯಲ್ಲಿ, ಸುಮಾರು 30 ಡಿಗ್ರಿ ಕೋನದಲ್ಲಿ ತೂರಿಸಿ. ಬಂಗಾರದ ಪಿನ್‌ಗಳು ಬಹುತೇಕ ಪೂರ್ತಿ ಒಳಗೆ ಹೋಗಬೇಕು. ಎಲ್ಲರೂ ಎಡವುವುದು ಇಲ್ಲೇ. ಅರ್ಧ ಹೋದಾಗಲೇ ಕೆಳಗೆ ಒತ್ತಿಬಿಡುತ್ತಾರೆ. ಪೂರ್ತಿ ಹೋದ ಮೇಲೆ ಮಲಗಿಸಿ ಒತ್ತಿದರೆ ಎರಡೂ ಕ್ಲಿಪ್ ಕಟಕ್ ಅಂತ ಕೂರುತ್ತವೆ. ಒಂದೇ ಕಡೆ ಸದ್ದು ಬಂದರೆ ಇನ್ನೊಂದು ಕಡೆ ಕೂತಿಲ್ಲ.

ಮುಚ್ಚಳ ತೆಗೆದದ್ದೇ ಆಗಿದೆ, ಫ್ಯಾನ್ ಧೂಳನ್ನೂ ಒಂದು ಬ್ರಷ್‌ನಿಂದ ತೆಗೆದುಬಿಡಿ. ರೆಕ್ಕೆ ತಿರುಗದಂತೆ ಬೆರಳಲ್ಲಿ ಹಿಡಿದುಕೊಳ್ಳಿ.

ರ‍್ಯಾಮ್ ಹಾಕಿದೆ, ಈಗ ಸ್ಕ್ರೀನೇ ಬರ್ತಿಲ್ಲ! ಏನ್ ಮಾಡ್ಲಿ?

ಗಾಬರಿ ಬೇಡ. ಡಿಡಿಆರ್5 ಆಗಿದ್ದರೆ ಕಾಯಿರಿ. ಹೊಸ ಸ್ಟಿಕ್ ಕಂಡಾಗ ಲ್ಯಾಪ್‌ಟಾಪ್ ಅದಕ್ಕೆ ಹೊಂದುವ ಸಮಯದ ಲೆಕ್ಕ ಹಾಕುತ್ತದೆ, ಆಗ ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು. ಮಧ್ಯೆ ಪವರ್ ಒತ್ತಿ ಆಫ್ ಮಾಡಿದರೆ ಮತ್ತೆ ಮೊದಲಿನಿಂದ.

ಹತ್ತು ನಿಮಿಷ ಕಳೆದರೂ ಬರದಿದ್ದರೆ ಬ್ಯಾಟರಿ ಕನೆಕ್ಟರ್ ಬಿಡಿಸಿ, ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿದು, ಸ್ಟಿಕ್ ತೆಗೆದು ಮತ್ತೆ ಕೂರಿಸಿ. ಹತ್ತರಲ್ಲಿ ಎಂಟು ಸಲ ಸರಿಯಾಗಿ ಕೂರದಿರುವುದೇ ಕಾರಣ. ಆಗಲೂ ಬರದಿದ್ದರೆ ಹಳೇದನ್ನು ಮಾತ್ರ ಹಾಕಿ ನೋಡಿ, ಆಮೇಲೆ ಹೊಸದನ್ನು ಮಾತ್ರ. ತಪ್ಪು ಸ್ಟಿಕ್‌ನದೋ ಸ್ಲಾಟಿನದೋ ಅಲ್ಲೇ ಗೊತ್ತಾಗುತ್ತದೆ.

ಬಿಚ್ಚಿದ್ರೆ ವಾರಂಟಿ ಹೋಗುತ್ತಾ?

ದೊಡ್ಡ ಕಂಪನಿಗಳು ಎಷ್ಟೋ ಮಾಡೆಲ್‌ಗಳಲ್ಲಿ ರ‍್ಯಾಮ್ ಬದಲಿಸುವುದನ್ನು ಮ್ಯಾನ್ಯುಯಲ್‌ನಲ್ಲೇ ತೋರಿಸಿಕೊಟ್ಟಿವೆ. ಬದಲಿಸುವಾಗ ನೀವು ಮುರಿದದ್ದಕ್ಕೆ ವಾರಂಟಿ ಇಲ್ಲ, ಅಷ್ಟೇ. ಸ್ಕ್ರೂ ಮೇಲೆ ವಾರಂಟಿ ಸ್ಟಿಕ್ಕರ್ ಇದ್ದರೆ ಕಂಪನಿಗೆ ಒಂದು ಇಮೇಲ್ ಕಳಿಸಿ, ಬರಹದಲ್ಲಿ ಉತ್ತರ ತಗೊಂಡು ಆಮೇಲೆ ಮುಟ್ಟಿ. ಹಳೇ ಸ್ಟಿಕ್ ಎಸೆಯಬೇಡಿ. ಸರ್ವಿಸ್‌ಗೆ ಕೊಡುವಾಗ ಮೊದಲಿನಂತೆಯೇ ಮಾಡಿ ಕೊಡುವುದು ಕ್ಷೇಮ.

## ಗ್ರಾಫಿಕ್ಸ್ ಸುದ್ದಿ

ಲ್ಯಾಪ್‌ಟಾಪ್‌ಗೆ ಗ್ರಾಫಿಕ್ಸ್ ಕಾರ್ಡ್ ಹಾಕಿಸ್ಬಹುದಾ? ಮಗ ಗೇಮ್ ಆಡ್ಬೇಕು ಅಂತಾನೆ.

ಇಲ್ಲ. ಡೆಸ್ಕ್‌ಟಾಪ್‌ನಲ್ಲಿ ಇರುವಂತೆ ಕಾರ್ಡ್ ಸಿಕ್ಕಿಸುವ ಜಾಗವೇ ಲ್ಯಾಪ್‌ಟಾಪ್‌ನಲ್ಲಿ ಇಲ್ಲ. ಎನ್ವಿಡಿಯಾ ಅಥವಾ ರೇಡಿಯಾನ್ ಚಿಪ್ ಇದ್ದರೂ ಮದರ್‌ಬೋರ್ಡ್‌ಗೇ ಬೆಸುಗೆ ಹಾಕಿರುತ್ತಾರೆ.

ಬದಲಾಯಿಸಲು ಬರುವಂಥವು ಇರಲೇ ಇಲ್ಲ ಅಂತಲ್ಲ. ಎಂಎಕ್ಸ್‌ಎಂ ಅನ್ನೋ ಕಾರ್ಡ್ ಮಾದರಿಯನ್ನು ಎನ್ವಿಡಿಯಾ 2004ರಲ್ಲಿ ತಂದಿತ್ತು. ಹಳೇ ಡೆಲ್ ಪ್ರಿಸಿಷನ್, ಎಚ್‌ಪಿ ಝಡ್‌ಬುಕ್‌ಗಳಲ್ಲಿ ಅದು ಇದೆ. ಕಾರ್ಡ್ ಸಿಕ್ಕರೂ ಚಿಪ್ ತಣಿಸುವ ಹೀಟ್‌ಸಿಂಕ್ ಹೊಂದದು, ಲ್ಯಾಪ್‌ಟಾಪ್ ಆನ್ ಆಗುವಾಗ ಮೊದಲು ಓಡುವ ಬಯೋಸ್ ತಂತ್ರಾಂಶ ಒಪ್ಪದು. 2019ರಲ್ಲಿ ಬಂದ ಏಲಿಯನ್‌ವೇರ್ ಏರಿಯಾ-51ಎಂ ಅಪ್‌ಗ್ರೇಡ್ ಮಾಡಬಹುದು ಅಂತಲೇ ಮಾರಾಟವಾಯಿತು. ಮುಂದಿನ ತಲೆಮಾರಿನ ಕಾರ್ಡ್ ಅದಕ್ಕೆ ಬರಲೇ ಇಲ್ಲ, ಅಮೆರಿಕದಲ್ಲಿ ಕೊಂಡವರು ಕೋರ್ಟಿಗೆ ಹೋದರು. ಮಾತು ಉಳಿಸಿಕೊಂಡದ್ದು ಫ್ರೇಮ್‌ವರ್ಕ್ ಕಂಪನಿಯ 16 ಇಂಚಿನ ಲ್ಯಾಪ್‌ಟಾಪ್. 2024ರಲ್ಲಿ ರೇಡಿಯಾನ್ ಆರ್‌ಎಕ್ಸ್ 7700ಎಸ್ ಮಾಡ್ಯೂಲ್‌ನೊಂದಿಗೆ ಬಂತು, 2025ರಲ್ಲಿ ಅದೇ ಜಾಗಕ್ಕೆ ಕೂರುವ ಆರ್‌ಟಿಎಕ್ಸ್ 5070 ಮಾಡ್ಯೂಲ್ ಕೊಟ್ಟರು. ನಮ್ಮ ಊರಿನ ಷೋರೂಮಿನಲ್ಲಿ ಕಾಣುವ ಮಾಲಲ್ಲ ಅದು.

ಮಗನಿಗೆ ನಿಜವಾಗಿಯೂ ಗೇಮ್ ಆಡಲು ಬೇಕಿದ್ದರೆ, ಮನೆಯಲ್ಲಿ ಜಾಗ ಇದ್ದರೆ, ಡೆಸ್ಕ್‌ಟಾಪ್ ಕೊಡಿಸಿ. ಅದಕ್ಕೆ ಕಾರ್ಡ್ ಇವತ್ತಲ್ಲ ನಾಳೆ ಹಾಕಬಹುದು.

ಐರಿಸ್ ಎಕ್ಸ್‌ಇ ಗ್ರಾಫಿಕ್ಸ್ ಅಂತ ಸ್ಟಿಕ್ಕರ್ ಇದೆ. ಒಳಗೆ ನೋಡಿದ್ರೆ ಯುಎಚ್‌ಡಿ ಅಂತ ತೋರಿಸ್ತಿದೆ. ಇದೇನು ಮೋಸ?

ಈ ಪುಟದಲ್ಲಿ ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು. ನಿಮ್ಮದು ಇಂಟೆಲ್ 11, 12 ಅಥವಾ 13ನೇ ತಲೆಮಾರಿನ ಐ5 ಅಥವಾ ಐ7, ಒಳಗೆ 8 ಜಿಬಿಯ ಒಂದೇ ಸ್ಟಿಕ್ ಇದೆ. ಸರಿನಾ?

ಎರಡೂ ಪ್ರೊಸೆಸರ್ ಒಳಗಿನ ಇಂಟೆಲ್ ಗ್ರಾಫಿಕ್ಸ್‌ನ ಹೆಸರುಗಳು. ಐರಿಸ್ ಎಕ್ಸ್‌ಇ ಅನ್ನುವ ಹೆಸರು ಕೊಡಬೇಕಾದರೆ ಮೆಮೊರಿ ಎರಡು ಚಾನೆಲ್‌ನಲ್ಲಿ ಇರಬೇಕು ಅನ್ನೋದು ಇಂಟೆಲ್ ನಿಯಮ. ಒಂದೇ ಸ್ಟಿಕ್ ಇದ್ದರೆ ಅದೇ ಚಿಪ್, ಅದೇ ಡ್ರೈವರ್, ಆದರೆ ಹೆಸರು ಯುಎಚ್‌ಡಿ. ಖಾಲಿ ಸ್ಲಾಟಿಗೆ ಇನ್ನೊಂದು 8 ಜಿಬಿ ಹಾಕಿ ಆನ್ ಮಾಡಿ, ಡಿವೈಸ್ ಮ್ಯಾನೇಜರ್ ತೆರೆಯಿರಿ. ಡಿಸ್‌ಪ್ಲೇ ಅಡಾಪ್ಟರ್ ಸಾಲಿನಲ್ಲಿ ಹೆಸರು ಐರಿಸ್ ಎಕ್ಸ್‌ಇ ಆಗಿರುತ್ತದೆ. ಕೋರ್ ಅಲ್ಟ್ರಾ ಎಚ್ ಸರಣಿಯ ಆರ್ಕ್ ಗ್ರಾಫಿಕ್ಸ್‌ಗೂ ಇಂಥದ್ದೇ ಷರತ್ತು ಇದೆ, ಜೊತೆಗೆ ಕನಿಷ್ಠ 16 ಜಿಬಿ ಬೇಕು.

ಬರೀ ಹೆಸರಿನ ಆಟ ಅಲ್ಲ ಇದು. ಡಿಡಿಆರ್4-3200ರ ಒಂದು ಚಾನೆಲ್ ಸೆಕೆಂಡಿಗೆ 25.6 ಜಿಬಿ ಸಾಗಿಸುತ್ತದೆ, ಎರಡು ಸೇರಿ 51.2. ಬರೆಯೋದು ಓದೋದು ಮಾಡುವಾಗ ಪ್ರೊಸೆಸರ್‌ಗೆ ಈ ವ್ಯತ್ಯಾಸ ಹೆಚ್ಚು ಗೊತ್ತಾಗದು. ಗ್ರಾಫಿಕ್ಸ್‌ಗೆ ಗೊತ್ತಾಗುತ್ತದೆ. ಪರದೆಯ ಪ್ರತಿ ಚಿತ್ರವೂ ಆ ದಾರಿಯಲ್ಲೇ ಓಡಾಡಬೇಕು, ಅದೂ ಪ್ರೊಸೆಸರ್ ಜೊತೆ ಹಂಚಿಕೊಂಡು. ರೈಜೆನ್ 5 5500ಯು ಥರದ ಎಎಂಡಿ ಲ್ಯಾಪ್‌ಟಾಪ್‌ಗಳಲ್ಲಿ ಹೆಸರು ಬದಲಾಗುವುದಿಲ್ಲ, ಲಾಭ ಮಾತ್ರ ಹಾಗೇ ಇದೆ. ವ್ಯಾಲರಂಟ್, ಜಿಟಿಎ 5 ಥರದ ಆಟಗಳು ತಡವರಿಸುತ್ತಿದ್ದರೆ ಎರಡನೇ ಸ್ಟಿಕ್ ಹಾಕಿದ ದಿನವೇ ಕಣ್ಣಿಗೆ ಕಾಣುವಷ್ಟು ಸಲೀಸಾಗುತ್ತವೆ. ಹಾಗಾಗಿ 16 ಬೇಕಾದವರು ಒಂದೇ 16ರ ಸ್ಟಿಕ್ ಬದಲು ಎರಡು 8 ಹಾಕಿ. ಹೊಸ ಆಟಗಳನ್ನು ಹೈ ಸೆಟ್ಟಿಂಗ್‌ನಲ್ಲಿ ಆಡುವ ಆಸೆ ಬೇಡ, ಅದು ಈ ಚಿಪ್‌ಗಳ ಕೈಲಿ ಆಗದು.

ಬಯೋಸ್‌ನಲ್ಲಿ ಗ್ರಾಫಿಕ್ಸ್ ಮೆಮೊರಿ 512 ಎಂಬಿಯಿಂದ 2 ಜಿಬಿ ಮಾಡಿದ್ರೆ ಗೇಮ್ ಫಾಸ್ಟ್ ಆಗುತ್ತಾ?

ಬಹುತೇಕ ಇಲ್ಲ. ಒಳಗಿನ ಗ್ರಾಫಿಕ್ಸ್ ಬೇಕಾದಾಗ ರ‍್ಯಾಮ್‌ನ ಸುಮಾರು ಅರ್ಧದವರೆಗೆ ತಾನೇ ತಗೊಳ್ಳುತ್ತದೆ. ಬಯೋಸ್‌ನಲ್ಲಿ ಬದಲಿಸುವುದು ಖಾಯಂ ಮೀಸಲು ಮಾತ್ರ. ‘ಇಷ್ಟು ವಿಡಿಯೋ ಮೆಮೊರಿ ಇಲ್ಲ’ ಅಂತ ಹೇಳಿ ಆಟ ತೆರೆಯಲೇ ನಿರಾಕರಿಸಿದರೆ ಆಗ ಉಪಯೋಗ. 8 ಜಿಬಿ ಇದ್ದವರು ಇದನ್ನು ಮಾಡಿದರೆ ಇರುವುದನ್ನೂ ಕಳೆದುಕೊಳ್ಳುತ್ತಾರೆ.

4 ಜಿಬಿ ಎನ್ವಿಡಿಯಾ ಇದೆ. ಆದ್ರೂ ಗೇಮ್ ಇಂಟೆಲ್ ಮೇಲೇ ಓಡ್ತಿದೆ.

ಬ್ಯಾಟರಿ ಉಳಿಸಲು ಲ್ಯಾಪ್‌ಟಾಪ್ ಎರಡರ ನಡುವೆ ಆರಿಸಿಕೊಳ್ಳುತ್ತದೆ, ಆಗಾಗ ತಪ್ಪಾಗಿ ಆರಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್ ಅಂತ ಹೋಗಿ ಆ ಆಟವನ್ನು ಸೇರಿಸಿ ‘ಹೈ ಪರ್ಫಾರ್ಮೆನ್ಸ್’ ಕೊಡಿ. ಚಾರ್ಜರ್ ಹಾಕಿಯೇ ಆಡಿ.

ನಂದೂ ಆರ್‌ಟಿಎಕ್ಸ್ 4060, ಫ್ರೆಂಡ್‌ದೂ 4060. ಅವನದು ಯಾಕೆ ಫಾಸ್ಟ್?

ಚಿಪ್‌ಗೆ ಎಷ್ಟು ವ್ಯಾಟ್ ಕೊಡಬೇಕು ಅನ್ನೋದನ್ನು ಲ್ಯಾಪ್‌ಟಾಪ್ ಕಂಪನಿ ತೀರ್ಮಾನಿಸುತ್ತದೆ. ಲ್ಯಾಪ್‌ಟಾಪ್‌ನ 4060ಗೆ ಎನ್ವಿಡಿಯಾ ಕೊಟ್ಟಿರುವ ಮಿತಿ 35ರಿಂದ 115 ವ್ಯಾಟ್. ತೆಳ್ಳಗಿನದರಲ್ಲಿ 60–70, ದಪ್ಪನೆಯದರಲ್ಲಿ 115. ಕೊಳ್ಳುವಾಗ ಟಿಜಿಪಿ, ಅಂದರೆ ಈ ವ್ಯಾಟ್, ಎಷ್ಟು ಅಂತ ಕೇಳಿ. ಕೊಂಡಾಗಿದ್ದರೆ ಕೂಲಿಂಗ್ ಸರಿಮಾಡಿ: ಧೂಳು ತೆಗೆಸಿ, ಮೂರ್ನಾಲ್ಕು ವರ್ಷ ಹಳೇದಾದರೆ ಥರ್ಮಲ್ ಪೇಸ್ಟ್ ಬದಲಿಸಿ. ಹಾಸಿಗೆ ಮೇಲೆ ಇಟ್ಟು ಆಡುವುದನ್ನು ಮೊದಲು ನಿಲ್ಲಿಸಿ.

## ಇನ್ನೂ ಆಳಕ್ಕೆ ಹೋಗುವವರಿಗೆ

ಹೊರಗಡೆಯಿಂದ ಗ್ರಾಫಿಕ್ಸ್ ಕಾರ್ಡ್ ಜೋಡಿಸ್ತಾರಲ್ಲ, ಇಜಿಪಿಯು ಅಂತ. ಅದು ಹೇಗೆ?

ಲ್ಯಾಪ್‌ಟಾಪ್‌ನಲ್ಲಿ ಥಂಡರ್‌ಬೋಲ್ಟ್ 3, 4 ಅಥವಾ ಯುಎಸ್‌ಬಿ4 ಅನ್ನೋ ತುಂಬಾ ವೇಗದ ಪೋರ್ಟ್ ಇರಬೇಕು. ಟೈಪ್-ಸಿ ಆಕಾರ ಇದ್ದ ಮಾತ್ರಕ್ಕೆ ಸಾಲದು. ಪಕ್ಕದಲ್ಲಿ ಥಂಡರ್‌ಬೋಲ್ಟ್‌ನ ಮಿಂಚಿನ ಗುರುತು ಇದೆಯಾ ನೋಡಿ. ಡೆಸ್ಕ್‌ಟಾಪ್ ಕಾರ್ಡನ್ನು ಸ್ವಂತ ಪವರ್ ಸಪ್ಲೈ ಇರುವ ಡಬ್ಬಿಯಲ್ಲಿ ಕೂರಿಸಿ ಒಂದು ಕೇಬಲ್‌ನಿಂದ ಜೋಡಿಸುತ್ತಾರೆ.

ಆ ಕೇಬಲ್ಲೇ ಇಕ್ಕಟ್ಟು. ಥಂಡರ್‌ಬೋಲ್ಟ್ 3 ಮತ್ತು 4ರ ಒಟ್ಟು ವೇಗ ಸೆಕೆಂಡಿಗೆ 40 ಗಿಗಾಬಿಟ್. ಡೆಸ್ಕ್‌ಟಾಪ್‌ನಲ್ಲಿ ಅದೇ ಕಾರ್ಡ್‌ಗೆ ಇದರ ಎಷ್ಟೋ ಪಟ್ಟು ಸಿಗುತ್ತದೆ. ಹಾಗಾಗಿ ಕಾರ್ಡ್ ದೊಡ್ಡದಾದಷ್ಟೂ ನಷ್ಟ ಜಾಸ್ತಿ, ಮಧ್ಯಮ ದರ್ಜೆಯದು ಸಾಕು. ಚಿತ್ರವನ್ನು ಲ್ಯಾಪ್‌ಟಾಪ್ ಪರದೆಗೆ ತರಿಸದೆ ಕಾರ್ಡ್‌ಗೇ ಮಾನಿಟರ್ ಸಿಕ್ಕಿಸಿ, ಇಲ್ಲದಿದ್ದರೆ ಅದೇ ಕೇಬಲ್‌ನಲ್ಲಿ ಚಿತ್ರವೂ ವಾಪಸ್ ಬರಬೇಕು. ಆಕ್ಯುಲಿಂಕ್ ಅನ್ನೋ ಬೇರೆ ಬಗೆಯ ಪೋರ್ಟ್ ಇರುವ ಲ್ಯಾಪ್‌ಟಾಪ್ ಸಿಕ್ಕರೆ ಸುಮಾರು 64 ಗಿಗಾಬಿಟ್ ಸಿಗುತ್ತದೆ, ಅದೂ ನೇರ ದಾರಿ. ಥಂಡರ್‌ಬೋಲ್ಟ್ ಇಲ್ಲದವರು ಎಸ್‌ಎಸ್‌ಡಿಯ ಎಂ.2 ಸ್ಲಾಟಿಗೆ ಅಡಾಪ್ಟರ್ ಹಾಕಿ ಮುಚ್ಚಳ ತೆರೆದೇ ಇಟ್ಟು ಆಡುವುದೂ ಉಂಟು. ಹವ್ಯಾಸಕ್ಕೆ ಸರಿ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಬೇಡ.

ಡಬ್ಬಿ, ಪವರ್ ಸಪ್ಲೈ, ಕಾರ್ಡ್, ಮಾನಿಟರ್ ಎಲ್ಲದರ ದುಡ್ಡು ಕೂಡಿಸಿ ನೋಡಿ. ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಹತ್ತಿರ ಹತ್ತಿರ ಬಂದಿರುತ್ತದೆ. ಲ್ಯಾಪ್‌ಟಾಪ್ ಒಂದೇ ಇರಬೇಕು, ಕೆಲಸಕ್ಕೂ ಅದೇ ಬೇಕು ಅನ್ನುವವರಿಗೆ ಮಾತ್ರ ಇದು.

ಮ್ಯಾಕ್‌ಬುಕ್‌ಗೆ?

ಎರಡೂ ಆಗದು. ರ‍್ಯಾಮ್ ಬದಲಿಸಬಹುದಾದ ಕೊನೆಯ ಮ್ಯಾಕ್‌ಬುಕ್ ಪ್ರೊ 2012ರ ಮಧ್ಯದಲ್ಲಿ ಬಂದ ರೆಟಿನಾ ಪರದೆ ಇಲ್ಲದ ಮಾದರಿ. ಎಂ ಸರಣಿ ಚಿಪ್‌ಗಳಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಎರಡಕ್ಕೂ ಒಂದೇ ಮೆಮೊರಿ, ಅದೂ ಪ್ಯಾಕೇಜ್ ಮೇಲೇ. ಇಜಿಪಿಯುಗೆ ಇಂಟೆಲ್ ಇರುವ ಮ್ಯಾಕ್ ಬೇಕು ಅಂತ ಆ್ಯಪಲ್ಲೇ ಹೇಳಿದೆ.

ಗ್ರಾಫಿಕ್ಸ್ ಚಿಪ್ ಹೋಗಿದೆ, ರೀಬಾಲಿಂಗ್ ಮಾಡ್ತೀವಿ ಅಂತಾರೆ. ಮಾಡಿಸ್ಲಾ?

ಮೊದಲು ಏನು ಮಾಡುತ್ತಾರೆ ಅಂತ ಕೇಳಿ. ಹೀಟ್ ಗನ್‌ನಿಂದ ಚಿಪ್ ಬಿಸಿ ಮಾಡಿ ‘ಸರಿಹೋಯ್ತು’ ಅನ್ನೋದು ರೀಫ್ಲೋ. ಅದು ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು. ಚಿಪ್ ಎತ್ತಿ, ಅಡಿಯ ಬೆಸುಗೆ ಗುಂಡುಗಳನ್ನು ಹೊಸದಾಗಿ ಹಾಕಿ ಕೂರಿಸುವುದು ರೀಬಾಲಿಂಗ್. ಚಿಪ್ಪೇ ಒಳಗೆ ಹಾಳಾಗಿದ್ದರೆ ಅದರಿಂದಲೂ ಪ್ರಯೋಜನ ಇಲ್ಲ. 2008ರಲ್ಲಿ ಎನ್ವಿಡಿಯಾದ ಒಂದು ಕಾಲದ ಲ್ಯಾಪ್‌ಟಾಪ್ ಚಿಪ್‌ಗಳು ಸಾಲುಸಾಲಾಗಿ ಕೆಟ್ಟವು. ತೊಂದರೆ ಇದ್ದದ್ದು ಚಿಪ್‌ನ ಪ್ಯಾಕೇಜಿನಲ್ಲಿ ಬಳಸಿದ ವಸ್ತುಗಳಲ್ಲಿ. ಕಂಪನಿ ಅದಕ್ಕೆ 15ರಿಂದ 20 ಕೋಟಿ ಡಾಲರ್ ತೆಗೆದಿಟ್ಟಿತು. ಅಂಥ ಚಿಪ್‌ಗೆ ಹೊಸ ಗುಂಡು ಹಾಕಿ ಏನು ಬಂತು? ಹೊಸ ಚಿಪ್ಪೇ ಹಾಕಿ ಮೂರು ತಿಂಗಳ ಬರಹದ ವಾರಂಟಿ ಕೊಡುತ್ತಾರೆ, ಖರ್ಚು ಲ್ಯಾಪ್‌ಟಾಪ್‌ನ ಈಗಿನ ಬೆಲೆಯ ಕಾಲು ಭಾಗ ಮೀರಲ್ಲ ಅಂದರೆ ಮಾಡಿಸಿ. ಒಳಗಿನ ಇಂಟೆಲ್ ಗ್ರಾಫಿಕ್ಸ್‌ನಲ್ಲೇ ಕೆಲಸ ನಡೆಯುತ್ತದಾ ಅಂತಲೂ ಯೋಚಿಸಿ.

ಬೆಸುಗೆ ಹಾಕಿದ ರ‍್ಯಾಮ್ ಕಿತ್ತು ದೊಡ್ಡದು ಹಾಕ್ತಾರೆ ಅಂತ ವಿಡಿಯೋ ನೋಡಿದೆ. ನಿಜನಾ?

ನಿಜ. ಅದಕ್ಕೆ ಚಿಪ್ ಕಿತ್ತು ಮತ್ತೆ ಬೆಸೆಯುವ ಬಿಜಿಎ ಸ್ಟೇಷನ್ ಬೇಕು, ಹೊಂದುವ ಚಿಪ್ ಬೇಕು, ಎಷ್ಟು ಜಿಬಿ ಇದೆ ಅಂತ ಬೋರ್ಡ್‌ಗೆ ತಿಳಿಸುವ ಪುಟ್ಟ ರೆಸಿಸ್ಟರ್‌ಗಳನ್ನು ಅದಲುಬದಲು ಮಾಡಬೇಕು, ಕೆಲವದರಲ್ಲಿ ಬಯೋಸ್ ಕೂಡ ತಿದ್ದಬೇಕು. ದಿನಾ ಅದೇ ಕೆಲಸ ಮಾಡುವವರ ಕೈಗೆ ಮಾತ್ರ ಕೊಡಿ, ಡೇಟಾ ಬ್ಯಾಕಪ್ ತಗೊಂಡು ಕೊಡಿ.

ಇದಕ್ಕೆ ಸರಿಯಾದ ಉತ್ತರ ಎಲ್‌ಪಿಕ್ಯಾಮ್2. ಎಲ್‌ಪಿಡಿಡಿಆರ್5 ಚಿಪ್‌ಗಳನ್ನೇ ಒಂದು ತೆಳು ಹಲಗೆಯಲ್ಲಿ ಕೂರಿಸಿ ಸ್ಕ್ರೂನಿಂದ ಬಿಗಿಯುತ್ತಾರೆ. ಬ್ಯಾಟರಿ ಉಳಿತಾಯವೂ ಇದೆ, ಬದಲಿಸಲೂ ಬರುತ್ತದೆ. ಒಂದೇ ಹಲಗೆಯಲ್ಲಿ ಎರಡೂ ಚಾನೆಲ್ ಇರುವುದರಿಂದ ಜೋಡಿ ಹುಡುಕುವ ತಾಪತ್ರಯವೂ ಇಲ್ಲ. 2023ರ ಡಿಸೆಂಬರ್‌ನಲ್ಲಿ ಮೆಮೊರಿ ಮಾನದಂಡ ರೂಪಿಸುವ ಜೆಡೆಕ್ ಸಂಸ್ಥೆ ಇದನ್ನೂ ಒಳಗೊಂಡ ಕ್ಯಾಮ್2 ಮಾನದಂಡ ಪ್ರಕಟಿಸಿತು, 2024ರಲ್ಲಿ ಲೆನೊವೊ ಥಿಂಕ್‌ಪ್ಯಾಡ್ ಪಿ1 ಏಳನೇ ತಲೆಮಾರಿನಲ್ಲಿ ಅದನ್ನು ತಂದಿತು. ಅದು ದುಬಾರಿ ವರ್ಕ್‌ಸ್ಟೇಷನ್. ನಲವತ್ತು ಐವತ್ತು ಸಾವಿರದ ಲ್ಯಾಪ್‌ಟಾಪ್‌ಗೂ ಬಂದರೆ ಈ ಪುಟದ ಅರ್ಧ ಪ್ರಶ್ನೆಗಳನ್ನು ಅಳಿಸಿಹಾಕುತ್ತೇನೆ.